ಎರಡನೇ ತುತ್ತೂರಿಯ ಲೂಪು

ನಮ್ಮ ಬಿಲ್ಡಿಂಗಿನ ಲಿಫ್ಟಿಗೆ ಒಂದು ಹೆಣ್ಣುದನಿಯಿದೆ. ಮುಂಬಯಿಯ ಗೋರೆಗಾಂವಿನ ಈ ಹಳೆಯ ಕಟ್ಟಡದಲ್ಲಿ ಬಣ್ಣ ಕಳಚದೆ, ಕೀಲು ಸವೆಯದೆ, ಯಾರ ಮೇಲೂ ಸಿಟ್ಟಾಗದೆ ಉಳಿದಿರುವ ಏಕೈಕ ವ್ಯಕ್ತಿತ್ವ ಬಹುಶಃ ಅದೇ. ಯಾರಾದರೂ ಇಳಿದವರು ಜಾಲರಿ ಬಾಗಿಲನ್ನು ಎಳೆಯದೆ ಹೋದರೆ ‘ಕೃಪಯಾ ದರ್ವಾಜಾ ಬಂದ್ ಕೀಜಿಯೇ’ ಎಂದು ಆಕೆ ಶುರು ಮಾಡುತ್ತಾಳೆ. ಯಾರೋ ಒಬ್ಬ ಪುಣ್ಯಾತ್ಮ ಬಂದು ಬಾಗಿಲು ಎಳೆಯುವವರೆಗೂ ಅದೇ ವಿನಯ, ಅದೇ ಏರಿಳಿತ, ಅದೇ ‘ಕೃಪಯಾ’. ನಮ್ಮ ಮನೆ ಲಿಫ್ಟಿಗೆ ಎದುರೇ ಇರುವುದರಿಂದ ಆ ಪುಣ್ಯಾತ್ಮ ಸಾಮಾನ್ಯವಾಗಿ ನಾನೇ. ಹೇಳಿದ್ದನ್ನೇ ಹೇಳುತ್ತ ತಾಳ್ಮೆಗೆಡದಿರುವ ಈ ಕಲೆಯನ್ನು ನಾನು ಬಹಳ ದಿನ ಬರಿಯ ಉಪದ್ರವವೆಂದು ತಿಳಿದಿದ್ದೆ. ಅಂಥದ್ದೇ ಒಂದು ಯಂತ್ರವನ್ನು ಕೈಯಿಂದ ದುಡ್ಡು ಕೊಟ್ಟು ಮನೆಗೆ ತರುವ ಕಾಲ ಬರುತ್ತದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆ ಯಂತ್ರದ ಹೆಸರು ಲೂಪರ್. ಕಾಲಿನಿಂದ ಒತ್ತುವ ಒಂದು ಪೆಟ್ಟಿಗೆ. ಒಮ್ಮೆ ಒತ್ತಿ ನೀವು ಬಾರಿಸಿದ್ದನ್ನು ಅದು ಕೇಳಿಸಿಕೊಳ್ಳುತ್ತದೆ, ಮತ್ತೊಮ್ಮೆ ಒತ್ತಿದರೆ ಅದನ್ನೇ ಸುತ್ತಿ ಸುತ್ತಿ ಹೇಳುತ್ತದೆ, ಅದರ ಮೇಲೆ ನೀವು ಬೇರೊಂದನ್ನು ಬಾರಿಸಬಹುದು. ಅಂದರೆ ಒಬ್ಬನೇ ಮನುಷ್ಯ ಇಬ್ಬರಾಗುವ ಉಪಾಯ. ಲೂಪಿಗೂ ಲೋಪಕ್ಕೂ ಕನ್ನಡದಲ್ಲಿ ಒಂದು ಕೊಂಬಿನ ವ್ಯತ್ಯಾಸವಷ್ಟೇ ಇದೆ. ಕೊಂಬು ಊದುವ ನನ್ನಂಥವನಿಗೆ ಇದು ಶುಭಸೂಚನೆಯೋ ಅಲ್ಲವೋ ಎಂಬುದನ್ನು ಓದುಗರು ಮುಂದೆ ನಿರ್ಧರಿಸಲಿ.

ಹೌದು, ನಾನು ತುತ್ತೂರಿ ಊದುತ್ತೇನೆ. ಉಡುಪಿ ಕಡೆಯ ವೈದಿಕ ಮನೆತನದ ಕುಡಿ, ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ ಹಿರಿಯ ಗುಮಾಸ್ತನಾಗಿ ಹೊರಬಿದ್ದವನು, ಟ್ರಂಪೆಟ್ ಎಂಬ ಹಿತ್ತಾಳೆಯ ಪರದೇಶಿ ವಾದ್ಯವನ್ನು ತುಟಿಗಿಟ್ಟದ್ದು ಹೇಗೆ ಎಂದರೆ ಅದರ ಹೊಣೆ ಗ್ರಾಂಟ್ ರೋಡಿನದು. ಅಲ್ಲಿ ನನ್ನ ಸೋದರಮಾವನ ಹೋಟೆಲಿತ್ತು. ಹೋಟೆಲಿನ ಮೇಲಿನ ಕೋಣೆಯಲ್ಲಿ ನನ್ನ ಚಾಪೆಯಿತ್ತು. ಚಾಪೆಯಾಚೆಯ ಗೋಡೆಯ ಇನ್ನೊಂದು ಬದಿಯಲ್ಲಿ ಲಾಜರಸ್ ಎಂಬ ಮಂಗಳೂರಿನ ಕ್ರಿಸ್ತುವನಿದ್ದ. ಊರಿನವರ ಬಾಯಲ್ಲಿ ಅವನು ಲಾದ್ರು. ಮದುವೆ ಬ್ಯಾಂಡಿನಲ್ಲಿ ಅವನೇ ಫಸ್ಟ್ ಟ್ರಂಪೆಟ್. ಗೋಡೆ ಎಷ್ಟು ತೆಳುವೆಂದರೆ ಅವನ ಸಾಧನೆ ನನ್ನ ನಿದ್ದೆಯೊಳಗೇ ನಡೆಯುತ್ತಿತ್ತು. ಬೈಯಲೆಂದು ಹೋದವನು ಕಲಿಯಲು ಕುಳಿತೆ. ವಿಷಯ ತಿಳಿದ ನನ್ನ ಅಮ್ಮನಿಗೆ ಆದ ಆಘಾತ ಸಂಗೀತದ ಬಗ್ಗೆಯಾಗಲಿ, ಜಾತಿಯ ಬಗ್ಗೆಯಾಗಲಿ ಅಲ್ಲ, ಎಂಜಲಿನ ಬಗ್ಗೆ. ಟ್ರಂಪೆಟ್ಟಿನೊಳಗೆ ಉಸಿರಿನ ತೇವ ಸೇರಿ ನೀರಾಗುತ್ತದೆ, ಅದನ್ನು ಆಗಾಗ ಒಂದು ಪುಟ್ಟ ಚಿಲಕ ತೆರೆದು ನೆಲಕ್ಕೆ ಚೆಲ್ಲಬೇಕು. ಅದನ್ನು ಕಣ್ಣಾರೆ ಕಂಡ ದಿನ ಅಮ್ಮ ‘ಶಿವ ಶಿವಾ, ಎಂಜಲಿಗೂ ಒಂದು ನಲ್ಲಿ!’ ಎಂದು ಹಿಂದೆ ಸರಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಆ ವಾದ್ಯ ಇರುವ ಕೋಣೆಗೆ ಅವರು ಕಾಲಿಡಲಿಲ್ಲ.

ಲಾದ್ರು ನನ್ನನ್ನು ಬ್ಯಾಂಡಿಗೆ ಸೇರಿಸಿದ್ದು ಸೆಕೆಂಡ್ ಟ್ರಂಪೆಟ್ಟಾಗಿ. ಕೆಂಪು ಕೋಟು, ಚಿನ್ನದ ಬಣ್ಣದ ದಾರ, ತಲೆಗೊಂದು ಜುಟ್ಟಿನ ಟೊಪ್ಪಿ. ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ನಮ್ಮ ಸಾಹೇಬರ ಮಗಳ ಮದುವೆಗೇ ಊದುವ ಪ್ರಸಂಗ ಬಂದಾಗ, ಮೆರವಣಿಗೆಯುದ್ದಕ್ಕೂ ಟ್ರಂಪೆಟ್ಟಿನ ಅಗಲ ಬಾಯಿಯನ್ನು ಸಾಹೇಬರ ದಿಕ್ಕಿಗೇ ಹಿಡಿದು ಮುಖ ಮುಚ್ಚಿಕೊಂಡೆ; ಮರುದಿನ ಅವರು ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದರು.

ಸೆಕೆಂಡ್ ಅಂದರೇನೆಂದು ಹೇಳಬೇಕು. ಫಸ್ಟಿನವನು ರಾಗ ನುಡಿಸುತ್ತಾನೆ, ಸೆಕೆಂಡಿನವನು ಅದರ ಕೆಳಗೆ ನಿಂತು ಅಲ್ಲಲ್ಲಿ ಹೌದೆನ್ನುತ್ತಾನೆ. ಪೋಂ, ಪೋಂ, ಆಮೇಲೆ ಸ್ವಲ್ಪ ಮೌನ, ಮತ್ತೆ ಪೋಂ. ಸಂಸಾರದಲ್ಲಿಯೂ ಕಚೇರಿಯಲ್ಲಿಯೂ ನನ್ನದು ಇದೇ ಸ್ಥಾನವಾದ್ದರಿಂದ ಕಷ್ಟವಾಗಲಿಲ್ಲ. ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ನುಡಿಸಲೆಂದು ಲಾದ್ರು ತಾನೇ ಒಂದು ಧಾಟಿ ಕಟ್ಟಿದ್ದ. ಅದಕ್ಕೆ ಹೆಸರಿಲ್ಲ, ಅದನ್ನು ಯಾರೂ ಬರೆದಿಟ್ಟಿಲ್ಲ. ಕಾರಿನ ಬಾಗಿಲು ಮುಚ್ಚುವಾಗ ಅವನು ಅದನ್ನು ಎತ್ತಿಕೊಂಡರೆ, ಅಲ್ಲಿಯವರೆಗೆ ಊಟದ ವ್ಯವಸ್ಥೆಯ ಬಗ್ಗೆ ಜಗಳವಾಡುತ್ತಿದ್ದ ಗಂಡಿನ ಕಡೆಯವರೂ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಪೋಂ ಅನ್ನುತ್ತಿದ್ದೆ.

ಬ್ಯಾಂಡು ಚದುರಿ ಬಹಳ ಕಾಲವಾಯಿತು. ಲಾದ್ರು ವಸಾಯಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಅವನ ಹಲ್ಲೆಲ್ಲ ಹೋಗಿ ಸೆಟ್ಟು ಬಂದಿದೆ. ಟ್ರಂಪೆಟ್ ಊದುವುದು ಬಾಯಿಯಿಂದಲ್ಲ, ತುಟಿಯ ಹಿಂದಿನ ಹಲ್ಲಿನ ಗೋಡೆಯ ಆಧಾರದಿಂದ. ಸೆಟ್ಟು ಹಾಕಿ ಊದಲು ಹೋದ ಮೊದಲ ದಿನವೇ ಸ್ವರ ಒಳಗುಳಿದು ಹಲ್ಲು ಹೊರಬಂತಂತೆ. ಅಂದಿನಿಂದ ಅವನು ವಾದ್ಯ ಮುಟ್ಟಿಲ್ಲ. ಈಗ ನಮ್ಮ ದಂತವೈದ್ಯೆ ನನ್ನ ಮುಂದಿನ ಹಲ್ಲುಗಳನ್ನು ಕೊಂಚ ಅಲ್ಲಾಡಿಸಿ ನೋಡಿ, ಬರುವ ತಿಂಗಳು ತೆಗೆದುಬಿಡೋಣ ಎಂದಾಗ ನನಗೆ ಮೊದಲು ನೆನಪಾದದ್ದು ಊಟವಲ್ಲ, ಆ ಧಾಟಿ. ಅದು ಲೋಕದಲ್ಲಿ ಇದ್ದದ್ದೇ ಎರಡು ಬಾಯಲ್ಲಿ. ಒಂದು ಬಾಯಿ ಖಾಲಿಯಾಗಿದೆ, ಇನ್ನೊಂದಕ್ಕೆ ದಿನ ಗೊತ್ತಾಗಿದೆ. ಅದು ದಂತಕಥೆಯಾಗುವ ಮೊದಲೇ ಹಿಡಿದಿಡಬೇಕೆಂದು ಹಟ ಹುಟ್ಟಿತು.

ಪವಾಯಿಯಲ್ಲಿರುವ ಮಗಳಿಗೆ ಫೋನು ಮಾಡಿದೆ. ‘ಪಪ್ಪಾ, ಫಸ್ಟ್ ಡಿಸೈಡ್ ಮಾಡು, ನಿಂಗೆ ರೆಕಾರ್ಡ್ ಮಾಡ್ಲಿಕ್ಕಿದೆಯಾ, ಲೂಪ್ ಮಾಡ್ಲಿಕ್ಕಿದೆಯಾ?’ ಎಂದಳು. ಎರಡೂ ಎಂದೆ. ಪೆನ್ಶನ್ನಿಗೆ ಒಗ್ಗುವಂತೆ ಎಂದೂ ಸೇರಿಸಿದೆ. ಅಂದಿನಿಂದ ನನ್ನ ಫೋನಿಗೆ ವಿಡಿಯೋಗಳ ಅಭಿಷೇಕ. ಅವುಗಳಲ್ಲಿ ಗಡ್ಡದ ಯುವಕರು ಒಂದೇ ಸಮನೆ ಮಾತನಾಡಿ ಕೊನೆಗೆ ‘ಎಲ್ಲ ನಿಮ್ಮ ಅಗತ್ಯವನ್ನು ಅವಲಂಬಿಸಿದೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಇತ್ತ ನನ್ನ ಹೆಂಡತಿ ಸುಮತಿ, ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ತನ್ನ ಅಕ್ಕನಿಗೆ ಫೋನಿನಲ್ಲಿ, ‘ಇವ್ರಿಗೆ ಈಗ ಲೂಪ್ ಬೇಕಂತೆ’ ಎಂದುಬಿಟ್ಟಳು. ಕುಟುಂಬಯೋಜನೆಯ ಕಾಲದಲ್ಲಿ ಅಸಂಖ್ಯ ಹೆಂಗಸರಿಗೆ ಸ್ವಹಸ್ತದಿಂದ ಗರ್ಭನಿರೋಧಕ ಲೂಪ್ ಹಾಕಿ ದೇಶಸೇವೆ ಮಾಡಿದ ಆ ಮಹಾತಾಯಿ, ‘ಅವ್ರಿಗಾ? ಅದು ಗಂಡಸ್ರಿಗೆ ಹಾಕ್ಲಿಕ್ಕಾಗುದಿಲ್ಲ ಮಾರಾಯ್ತಿ! ಅಲ್ಲ, ಈ ಪ್ರಾಯದಲ್ಲಿ ಎಂತಕ್ಕೆ?’ ಎಂದರಂತೆ. ಕಾಲಿನಿಂದ ಒತ್ತುವಂಥದ್ದು ಎಂದು ಸುಮತಿ ಸಮಜಾಯಿಷಿ ಕೊಟ್ಟ ಮೇಲೆ ಅವರ ಗಾಬರಿ ಇನ್ನಷ್ಟು ಹೆಚ್ಚಿತು. ಮುಂದಿನ ಹಬ್ಬದಲ್ಲಿ ಭಾವನೆಂಟರು ನನ್ನನ್ನು ನೋಡಿದ ರೀತಿಯೇ ಬೇರೆಯಾಗಿತ್ತು.

ಖರೀದಿಯ ವಿಷಯದಲ್ಲಿ ನಾನು ಮಾಡಿದ ತಪ್ಪುಗಳಿಂದ ಓದುಗರಿಗೆ ಉಪಕಾರವಾಗುವುದಾದರೆ ಹೇಳುತ್ತೇನೆ. ಮೊದಲು ತಂದದ್ದು ಸೂಕ್ಷ್ಮಗ್ರಾಹಿ ಎನಿಸಿಕೊಂಡ ಕಂಡೆನ್ಸರ್ ಮೈಕು. ಸ್ಟುಡಿಯೋದ ನಿಶ್ಶಬ್ದದಲ್ಲಿ ಹುಟ್ಟಿ ಬೆಳೆದ ಆ ಸುಕುಮಾರ ಜೀವ ಮುಂಬಯಿಯ ಮನೆಗೆ ಬಂದು ಕಂಗಾಲಾಯಿತು. ನನ್ನ ಟ್ರಂಪೆಟ್ಟಿನ ಜೊತೆ ಅದು ಪಾರಿವಾಳ, ಕುಕ್ಕರು, ಮೇಲಿನ ಮನೆಯವರ ಸೊಸೆಯ ಅಭಿಪ್ರಾಯಗಳು, ದೂರದ ಲೋಕಲ್ ರೈಲು, ಎಲ್ಲಕ್ಕಿಂತ ಸ್ಪಷ್ಟವಾಗಿ ಲಿಫ್ಟಿನ ‘ಕೃಪಯಾ’ ಎಲ್ಲವನ್ನೂ ಸಮಭಾವದಿಂದ ಸ್ವೀಕರಿಸಿತು. ಅದನ್ನು ಹಿಂದಿರುಗಿಸಿ, ಸಭೆಗಳಲ್ಲಿ ಭಾಷಣಕ್ಕೆ ಇಡುವ ಜಾತಿಯ ಗಟ್ಟಿಮುಟ್ಟಾದ ಮೈಕು ತಂದೆ. ಅದು ಮುಂದೆ ನಿಂತವನನ್ನು ಬಿಟ್ಟು ಬೇರೆಯವರ ಮಾತಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ, ಟ್ರಂಪೆಟ್ಟಿನ ಆರ್ಭಟಕ್ಕೆ ಹೆದರುವುದೂ ಇಲ್ಲ, ಬೆಲೆಯೂ ಕಡಿಮೆ. ಎರಡನೆಯ ತಪ್ಪು ಲೂಪರಿನದು. ಅದು ಗಿಟಾರಿನವರಿಗಾಗಿ ಹುಟ್ಟಿದ್ದು. ಮೈಕಿನ ಮೂರು ಮುಳ್ಳಿನ ತುದಿ ಅದರ ಒಂಟಿ ತೂತಿಗೆ ಹೋಗುವುದೇ ಇಲ್ಲ. ನಡುವೆ ದನಿಗಳನ್ನು ಬೆರೆಸುವ ಒಂದು ಪುಟ್ಟ ಮಿಕ್ಸರ್ ಬೇಕು, ಲ್ಯಾಪ್‌ಟಾಪಿಗೂ ತಂತಿ ಹಾಕಬಲ್ಲಂಥದ್ದು. ಆಗ ಲೂಪೂ ಆಯಿತು, ರೆಕಾರ್ಡೂ ಆಯಿತು. ಜೊತೆಗೆ ಕಿವಿ ಮುಚ್ಚುವ ಹೆಡ್‌ಫೋನು. ಮೇಲಂತಸ್ತಿನ ಶಾಂತಿಗಾಗಿ ಟ್ರಂಪೆಟ್ಟಿನ ಬಾಯಿಗೆ ಸಿಕ್ಕಿಸುವ ಒಂದು ಮ್ಯೂಟು. ಇಷ್ಟಿದ್ದರೆ ಸಾಕು, ಉಳಿದದ್ದೆಲ್ಲ ಗಡ್ಡದವರ ವ್ಯಾಪಾರ.

ಎಲ್ಲ ಜೋಡಿಸಿ, ದೇವರಿಗೆ ಕೈಮುಗಿದು, ಪೆಡಲ್ ಒತ್ತಿ ಧಾಟಿಯ ಸೆಕೆಂಡನ್ನು ಊದಿದೆ. ಮತ್ತೆ ಒತ್ತಿದೆ. ಪೋಂ ಪೋಂ ಎಂದು ಅದು ಸುತ್ತತೊಡಗಿತು. ಈಗ ಅದರ ಮೇಲೆ ಫಸ್ಟ್ ಊದಬೇಕು. ವಾದ್ಯ ಎತ್ತಿದೆ. ಆಗ ತಿಳಿಯಿತು: ನನಗೆ ಫಸ್ಟ್ ಗೊತ್ತೇ ಇಲ್ಲ! ಕಿವಿಗೆ ಗೊತ್ತಿದೆ, ಬೆರಳಿಗೆ ಗೊತ್ತಿಲ್ಲ. ಎರಡು ಸ್ವರ ಸರಿಯಾಗಿ ಹೋದರೆ ಮೂರನೆಯದಕ್ಕೆ ತುಟಿ ತಾನಾಗಿ ಜಾರಿ ಪೋಂ ಅನ್ನುತ್ತಿತ್ತು. ಒಂದೇ ಪೋಂ ಎರಡೆರಡು ಕಡೆಯಿಂದ ಕೇಳಿದ ಸುಮತಿ ಅಡುಗೆಮನೆಯಿಂದ ಬಂದು, ‘ಇಷ್ಟು ವರ್ಷ ನೀವು ಊದಿದ್ದು ಇದನ್ನಾ?’ ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಕನಿಕರವಿತ್ತು. ನನಗೆ ಅಳು ಬರುವಂತಾಯಿತು. ವಸಾಯಿಗೆ ಫೋನು ಮಾಡಿ, ಸ್ವಲ್ಪ ಹಾಡಿ ತೋರಿಸು ಎಂದು ಲಾದ್ರುವನ್ನು ಕೇಳಿದೆ. ಹಾಡಿದ. ಯಾವುದು ಹಾಡು, ಯಾವುದು ಕೆಮ್ಮು ಎಂದು ಗೊತ್ತಾಗಲಿಲ್ಲ. ‘ಗಂಟಲಿನಲ್ಲಿ ಇಲ್ಲ ಮಾರಾಯ, ಅದು ಇದ್ದದ್ದೇ ಊದುದರಲ್ಲಿ’ ಎಂದು ಅವನೇ ಒಪ್ಪಿಕೊಂಡ.

ಹಲ್ಲು ತೆಗೆಸುವ ವಾರವೇ ಬಂತು. ಲಾದ್ರು ಲೋಕಲ್ ಹಿಡಿದು, ಕೋಲೂರಿಕೊಂಡು, ಮೊದಲ ಬಾರಿಗೆ ನಮ್ಮ ಮನೆಗೆ ಬಂದ. ಏದುಸಿರಿನಲ್ಲಿ ಲಿಫ್ಟಿನಿಂದ ಹೊರಬಿದ್ದವನಿಗೆ ಬಾಗಿಲು ಎಳೆಯುವ ವ್ಯವಧಾನವೆಲ್ಲಿ? ಗಾಳಿ ಬೇಕೆಂದ, ಮನೆಯ ಬಾಗಿಲನ್ನೂ ತೆರೆದಿಟ್ಟು ಅವನನ್ನು ಕುರ್ಚಿಯಲ್ಲಿ ಕೂರಿಸಿದೆವು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ, ಬರಿಯ ಕುತೂಹಲಕ್ಕೆಂದು ಅವನ ಕಿವಿಗೆ ಹೆಡ್‌ಫೋನು ಹಾಕಿ ನನ್ನ ಸೆಕೆಂಡನ್ನು ಸುತ್ತಲು ಬಿಟ್ಟೆ. ಮೊದಲ ಸುತ್ತಿಗೆ ಅವನು ಮುಖ ಕಿವುಚಿದ. ಎರಡನೆಯ ಸುತ್ತಿಗೆ ಕಣ್ಣು ಮುಚ್ಚಿದ. ಆಮೇಲೆ ನೋಡುತ್ತೇನೆ, ಅವನ ಬಲಗೈಯ ಮೂರು ಬೆರಳು ಮೊಣಕಾಲಿನ ಮೇಲೆ ಮೆಲ್ಲಗೆ ಆಡತೊಡಗಿವೆ.

ಟ್ರಂಪೆಟ್ಟಿಗೆ ಇರುವುದು ಮೂರೇ ಗುಂಡಿ. ಯಾವ ಗುಂಡಿ ಎಂದು ಬೆರಳು ಹೇಳುತ್ತದೆ. ಆದರೆ ಅದೇ ಗುಂಡಿಯಲ್ಲಿ ತುಟಿ ಬಿಗಿದರೆ ಮೇಲಿನ ಸ್ವರ, ಸಡಿಲಿಸಿದರೆ ಕೆಳಗಿನದು, ಅದನ್ನು ಬೆರಳು ಹೇಳುವುದಿಲ್ಲ. ಅದನ್ನು ಲಾದ್ರುವಿನ ಹುಬ್ಬು ಹೇಳಿತು. ಸ್ವರ ಮೇಲೇರುವಲ್ಲಿ ಹುಬ್ಬೂ ಏರುತ್ತಿತ್ತು. ಇಷ್ಟು ವರ್ಷ ಅವನ ಪಕ್ಕದಲ್ಲಿ ನಿಂತವನಿಗೆ ಕಂಡಿದ್ದು ಅವನ ಕಿವಿ ಮಾತ್ರ. ನಾನು ಕುರ್ಚಿಯ ಎದುರು ನಿಂತು, ಅವನ ಮೊಣಕಾಲನ್ನೂ ಹುಬ್ಬನ್ನೂ ಒಂದಾದ ಮೇಲೊಂದು ನೋಡುತ್ತ, ಅವನ ಬೆರಳಿದ್ದಲ್ಲಿ ನನ್ನ ಬೆರಳಿಡುತ್ತ ಊದಿದೆ. ತಪ್ಪಿದಲ್ಲಿ ಅವನು ಕಣ್ಣು ಬಿಟ್ಟು ಕೋಲನ್ನು ನೆಲಕ್ಕೆ ಕುಟ್ಟಿದ. ಮತ್ತೆ ಊದಿದೆ. ಕೊನೆಗೊಂದು ಸಲ ಕೋಲು ಕುಟ್ಟಲಿಲ್ಲ, ಕಣ್ಣೂ ತೆರೆಯಲಿಲ್ಲ. ಪೂರಾ ಧಾಟಿ, ಕೆಳಗೆ ಪೋಂ, ಮೇಲೆ ರಾಗ, ಲ್ಯಾಪ್‌ಟಾಪಿನೊಳಗೆ ಹೋಗಿ ಕುಳಿತಿತು. ಅಡುಗೆಮನೆಯ ಬಾಗಿಲಲ್ಲಿ ಸುಮತಿ ಮೂಗು ಒರೆಸಿಕೊಳ್ಳುತ್ತಿದ್ದಳು.

ರೆಕಾರ್ಡಿಂಗನ್ನು ಪವಾಯಿಗೆ ಕಳಿಸಿದೆ. ಮಗಳು ಖುಷಿಪಟ್ಟು, ಆದರೆ ನಡುವೆ ಟ್ರಂಪೆಟ್ ಉಸಿರು ತೆಗೆದುಕೊಳ್ಳುವಲ್ಲೆಲ್ಲ ‘ಕೃಪಯಾ ದರ್ವಾಜಾ’ ಕೇಳಿಸುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಡುತ್ತೇನೆ ಎಂದಳು. ತೆರೆದ ಬಾಗಿಲಿನಿಂದ ಲಿಫ್ಟಿನ ದನಿ ಒಳಗೆ ಬಂದಿದ್ದು ಆ ಗಡಿಬಿಡಿಯಲ್ಲಿ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಇರಲಿ, ಮುಟ್ಟಬೇಡ ಎಂದೆ. ಯಾಕೆಂದು ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಹಲ್ಲು ತೆಗೆಸಿಕೊಂಡು ಬಾಯಿ ತುಂಬ ಹತ್ತಿಯಿಟ್ಟು ಕುಳಿತಿದ್ದ ನನ್ನನ್ನು ನೋಡಲು ಲಾದ್ರು ಮತ್ತೆ ಬಂದ. ರೆಕಾರ್ಡಿಂಗ್ ಹಚ್ಚಿ ಕೇಳಿಸಿದೆ. ಮುಗಿಯುವವರೆಗೂ ಅಲ್ಲಾಡದೆ ಕೇಳಿ, ‘ಚಂದ ಉಂಟು ಮಾರಾಯ. ಫಸ್ಟೂ ನೀನೇ, ಸೆಕೆಂಡೂ ನೀನೇ. ಇದರಲ್ಲಿ ನಾನೆಲ್ಲಿ?’ ಎಂದ.

ನಾನು ಹತ್ತಿ ತುಂಬಿದ ಬಾಯಿ ಬಿಡುವಂತಿರಲಿಲ್ಲ. ರೆಕಾರ್ಡಿಂಗನ್ನು ಹಿಂದೆ ಸರಿಸಿ, ಟ್ರಂಪೆಟ್ ಉಸಿರು ತೆಗೆದುಕೊಳ್ಳುವ ಆ ಜಾಗದಲ್ಲಿ ದನಿ ಹೆಚ್ಚಿಸಿ, ಅವನ ಮುಖದ ಮುಂದೆ ಬೆರಳೆತ್ತಿದೆ. ‘ಕೃಪಯಾ ದರ್ವಾಜಾ ಬಂದ್ ಕೀಜಿಯೇ’ ಎಂದಿತು ಲಿಫ್ಟು. ಅವನು ಮಿಕಿಮಿಕಿ ನೋಡಿದ. ನಾನು ಅವನ ಕೋಲನ್ನೂ ಲಿಫ್ಟಿನ ದಿಕ್ಕನ್ನೂ ತೋರಿಸಿದೆ. ಅಂದು ಲಿಫ್ಟಿನ ಬಾಗಿಲು ಎಳೆಯದೆ ಬಂದವನು ತಾನೇ ಎಂದು ಅರ್ಥವಾದದ್ದೇ ತಡ, ನಗತೊಡಗಿದ, ನಕ್ಕು ನಕ್ಕು ಹಲ್ಲಿನ ಸೆಟ್ಟು ಕೈಗೆ ಬಂತು; ಅವನ ಕಣ್ಣು ತುಂಬಿತ್ತು, ನನ್ನದೂ.

ಅವನು ಹೋದ ಸ್ವಲ್ಪ ಹೊತ್ತಿಗೆ ಲಿಫ್ಟು ಕೂಗತೊಡಗಿತು. ಕೆಳಗೆ ಇಳಿದವನು ಬಾಗಿಲು ಎಳೆಯಲು ಮರೆತನೋ, ಬೇಕೆಂದೇ ಬಿಟ್ಟನೋ ತಿಳಿಯದು. ‘ನಾನೇ ಹೋಗಿ ಹಾಕಿ ಬರ್ತೇನೆ’ ಎಂದು ಸುಮತಿ ಎದ್ದಳು. ನಾನು ಅವಳ ಕೈಹಿಡಿದು ಕೂರಿಸಿದೆ.