ಗೀರಿಲ್ಲದ ರೆಕಾರ್ಡು

ಬೆಟಗೇರಿಯ ನಮ್ಮ ಓಣಿಯ ಟೇಲರು ಹಳೆಯ ಸಂಗೀತ ನಿರ್ದೇಶಕರೊಬ್ಬರ ಸಿನಿಮಾ ರೆಕಾರ್ಡುಗಳನ್ನಷ್ಟೇ ಕೂಡಿಡುತ್ತಿದ್ದರು. ಯಾರು ತಂದರೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, “ಗೀರು ಬಿದ್ದದ್ದು ಬ್ಯಾಡ್ರಿ” ಎನ್ನುತ್ತಿದ್ದರು.

ಒಮ್ಮೆ ಲಕ್ಷ್ಮೇಶ್ವರದ ಹೆಂಗಸೊಬ್ಬರು ತೀರಿಹೋದ ಗಂಡನ ರೆಕಾರ್ಡು ತಂದರು. ಆಳವಾದ ಗೀರಿತ್ತು, ಆದರೆ ಅದರ ರಟ್ಟಿನ ಹೊದಿಕೆ ಮೊದಲ ಮುದ್ರಣದ್ದು, ಎಲ್ಲೂ ಸಿಗದಂಥದ್ದು. ಟೇಲರು ಪಟ್ಟು ಸಡಿಲಿಸಿದರು.

“ಇದು ನನಗಿರ್ಲಿ. ಇದೇ ಸಿನಿಮಾದ್ದು ನನ್ನ ಹತ್ರ ಚೊಕ್ಕ ರೆಕಾರ್ಡ್ ಐತಿ, ಅದನ್ನ ನೀವು ಒಯ್ರಿ” ಎಂದು ತಮ್ಮದನ್ನು ಹಚ್ಚಿ ಕೇಳಿಸಿದರು.

ಹಾಡಿನ ನಡುವೆ ಆಕೆ ತಲೆಯೆತ್ತಿದರು. “ನಮ್ಮದು ಇಲ್ಲೇ ಸಿಕ್ಕೋತಿತ್ರಿ. ನಮ್ಮನಿಯವ್ರು ಎದ್ದು ಬಂದು ಮುಳ್ಳು ಸರಸ್ತಿದ್ರು.”

ಆಕೆ ತಮ್ಮ ಗೀರು ಬಿದ್ದ ರೆಕಾರ್ಡನ್ನೇ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟುಬಿಟ್ಟರು.

ಟೇಲರು ತಮ್ಮದನ್ನು ಬೆಳಕಿಗೆ ಹಿಡಿದರು. ಹೊರಳಿಸಿ ಹೊರಳಿಸಿ ನೋಡಿ, “ಒಂದೂ ಗೀರಿಲ್ಲ. ಇಷ್ಟು ದಿನ ಇದನ್ನ ಯಾರೂ ಕೇಳೇ ಇಲ್ರಿ” ಎಂದು ನನಗೆ ಹೇಳಿದರು.