ಪಾರ್ಕಿನ ನಾಗಪ್ಪ

ನನ್ನ ಮೊಮ್ಮಗಳು ಮಾತಾಡಿದಳು. ನಾಲ್ಕು ವರ್ಷ ದಾಟಿದರೂ ಬಾಯಿ ಬಿಡದ ಮಗು, ನಮ್ಮೂರ ಪಾರ್ಕಿನಲ್ಲಿ ನನ್ನ ಸೆರಗು ಜಗ್ಗಿ ಮಾತಾಡಿದಳು. ಇದನ್ನು ಮೊದಲು ಹೇಳಿಬಿಟ್ಟರೆ ನನಗೆ ಸಮಾಧಾನ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ಹಿಂದುಮುಂದಾಗಿ ಬರೆದರೆ ಸಹಿಸಿಕೊಳ್ಳಿ.

ಇದು ತೊಂಬತ್ತರ ಆಚೆಯ ಮಾತು. ನಮ್ಮದು ದೊಡ್ಡಬಳ್ಳಾಪುರ, ಮಗ್ಗದ ಮನೆ. ನಡುಮನೆಯಲ್ಲೇ ಎರಡು ಪವರ್‌ಲೂಮು. ಕರೆಂಟ್ ಇರುವಷ್ಟು ಹೊತ್ತೂ ಅವು ಬಡಿಯುತ್ತಲೇ ಇರುತ್ತವೆ. ನೀರು ಕೇಳುವುದು, ಊಟಕ್ಕೆ ಕರೆಯುವುದು ಎಲ್ಲಾ ಕೈಸನ್ನೆಯಲ್ಲೇ. ಮಗ ಉಣ್ಣುವಾಗ ಸೊಸೆ ಎರಡು ಮಗ್ಗವನ್ನೂ ನೋಡಿಕೊಳ್ಳಬೇಕು, ಸೊಸೆ ಉಣ್ಣುವಾಗ ಮಗ. ಎಲ್ಲರೂ ಒಟ್ಟಿಗೆ ಕೂರುವುದು ಕರೆಂಟ್ ಹೋದಾಗ ಮಾತ್ರ. ಯಜಮಾನರು ತೀರಿಕೊಂಡ ಮೇಲೆ ನನ್ನ ಹತ್ತಿರ ಮಾತಾಡುವವರೇ ಇರಲಿಲ್ಲ. ಯಾರ ತಪ್ಪೂ ಅಲ್ಲ, ಆ ಸದ್ದಿನಲ್ಲಿ ಏನು ಮಾತಾಡುವುದು.

ಮಗುವಿನ ಕಿವಿ ಚೆನ್ನಾಗಿದೆ, ಕಾಯಿರಿ ಅಂದರು ಡಾಕ್ಟರು. ಬೀದಿಯವರು ಮೂಗಿ ಅಂದರು. ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮಗ್ಗಕ್ಕೆ ಹೋದಳು. ನಾನು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ಹೊತ್ತು ಬಂದೆ.

ಸಾಯಂಕಾಲ ನಾವಿಬ್ಬರೂ ಪಾರ್ಕಿಗೆ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ನಾನೊಬ್ಬಳೇ ಮಾತಾಡುವೆ. ಬತ್ತಿದ ಬಾವಿಗೆ ಬಿಂದಿಗೆ ಇಳಿಬಿಟ್ಟ ಹಾಗೆ, ನೀರಿನ ಸದ್ದೇ ಬರದು. ಆ ವರ್ಷ ಪಾರ್ಕಿನಲ್ಲಿ ಸಿಮೆಂಟಿನ ದೊಡ್ಡ ದೊಡ್ಡ ಪ್ರಾಣಿ ಮಾಡಿ ಹಸಿರು ಬಣ್ಣ ಬಳಿದಿದ್ದರು.

"ಏನಪ್ಪಾ ಇವು?" ಅಂತ ಕಾವಲಿನವನನ್ನು ಕೇಳಿದೆ.

"ಡೈನೋಸಾರು ಕಣಜ್ಜಿ. ಈಗ ಒಂದೂ ಇಲ್ಲ, ಎಲ್ಲಾ ಸತ್ತೋಗವೆ."

"ಸತ್ತೋದವನ್ನ ಯಾಕಪ್ಪಾ ತಂದು ನಿಲ್ಸಿದೀರ?"

"ನಿಮ್ಮನೇಲಿ ಅಜ್ಜನ ಫೋಟೋ ಹಾಕಿಲ್ವಾ?"

ಅವತ್ತು ನನ್ನ ಜೊತೆ ಮಾತಾಡಿದವನು ಅವನೊಬ್ಬನೇ.

ಮೂಲೆಯಲ್ಲಿ ಇನ್ನೊಂದಿತ್ತು. ಬೇಲಿಗಿಡ ಎದೆಮಟ್ಟ ಬೆಳೆದು, ಅದರ ಮೇಲೆ ಉದ್ದನೆ ಕತ್ತು, ಸಣ್ಣ ತಲೆ, ಅಷ್ಟೇ ಕಾಣುತ್ತಿತ್ತು. ನನ್ನ ಕಣ್ಣಿಗೆ ಅದು ಎದ್ದು ನಿಂತ ನಾಗಪ್ಪ. ಘಾಟಿ ಇಷ್ಟು ಹತ್ತಿರವಿರುವ ಊರು, ಪಾರ್ಕು ಮಾಡಿದವರು ನಾಗಪ್ಪನನ್ನು ಮರೆತಾರೆಯೇ ಅಂದುಕೊಂಡೆ. ಯಾರೋ ಹೆಂಗಸರು ಆಗಲೇ ಕತ್ತಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಮಾರನೇ ದಿನ ಲೋಟದಲ್ಲಿ ಹಾಲು ತಗೊಂಡು ಹೋದೆ. ಬೇಲಿಯ ಬುಡಕ್ಕೆ ಎರೆದು, ಮಗುವಿನ ಕೈ ಜೋಡಿಸಿ, "ಸ್ವಾಮಿ, ಇದಕ್ಕೊಂದು ಮಾತು ಕೊಡಪ್ಪಾ" ಅಂದೆ.

ಹಾಲು ಗಿಡದ ಸಂದಿಯಲ್ಲಿ ಒಳಗೆ ಹರಿಯಿತು. ಮಗು ಅದನ್ನೇ ನೋಡುತ್ತಾ ಬಗ್ಗಿ, ಬೇಲಿಯ ಕೆಳಗೆ ತಲೆ ತೂರಿಸಿತು. ಆಮೇಲೆ ಎದ್ದು ಸೆರಗು ಜಗ್ಗಿತು.

"ಅಜ್ಜಿ. ಕಾಲೈತೆ."

ಯಾರು ಮಾತಾಡಿದ್ದು ಅಂತ ಸುತ್ತ ನೋಡಿದೆ.

"ನಾಗಪ್ಪಂಗೆ ಕಾಲೈತೆ ಅಜ್ಜಿ."

ಕಾವಲಿನವನು ನಗುತ್ತಾ ಬಂದ. "ಅದೂ ಡೈನೋಸಾರೇ ಕಣಜ್ಜಿ. ಹಾಲು ಸುರಿದ್ರೆ ಇರುವೆ ಮುತ್ತುತ್ತವೆ."

"ಮುತ್ಲಿ ಬಿಡಪ್ಪಾ, ಅವೂ ಕುಡೀಲಿ" ಅಂದೆ.

ಮನೆಗೆ ಬಂದರೆ ಮಗ್ಗ ಬಡಿಯುತ್ತಿದೆ. ಮಗನ ಕಿವಿಯಲ್ಲಿ ಕೂಗಿ ಹೇಳಿದೆ. ಅವನು ನಂಬಲಿಲ್ಲ. ಮಗುವಿನ ತುಟಿ ಆಡಿತು, ಏನೂ ಕೇಳಲಿಲ್ಲ. ಮಗ ಕೈ ಚಾಚಿ ಮೋಟಾರು ನಿಲ್ಲಿಸಿದ. ಸೊಸೆಯೂ ನಿಲ್ಲಿಸಿದಳು. ಕರೆಂಟ್ ಇದ್ದೂ ಮನೆ ಸದ್ದಿಲ್ಲದೆ ನಿಂತಿತು.

"ನಾಗಪ್ಪಂಗೆ ಕಾಲೈತೆ."

"ಎಷ್ಟು ಕಾಲು ಮಗಾ?" ಅಂದ ಮಗ.

"ನಾಕು."

ಸೊಸೆ ನೆಲದ ಮೇಲೆ ಕೂತುಬಿಟ್ಟು, ಇನ್ನೊಂದ್ಸಲ ಹೇಳು ಇನ್ನೊಂದ್ಸಲ ಹೇಳು ಅಂತ ಕೇಳುತ್ತಲೇ ಇದ್ದಳು.

ಅವತ್ತು ಮಗ್ಗ ಮತ್ತೆ ಹಾಕಲಿಲ್ಲ. ಕರೆಂಟ್ ದೀಪ ಉರಿಯುತ್ತಿರುವಾಗಲೇ ನಾಲ್ವರೂ ಸುತ್ತ ಕೂತು ಮುದ್ದೆ, ಅವರೆಕಾಳು ಸಾರು ಉಂಡೆವು. ಇದನ್ನು ಕೇಳಬೇಕಿದ್ದ ಇನ್ನೊಬ್ಬರು ಗೋಡೆಯ ಮೇಲಿದ್ದರು. ಮಗು ತಟ್ಟೆ ಮುಂದೆ ಸರಿಸಿ, "ಸಾರು" ಅಂತು. ಮೂರು ಕೈ ಒಟ್ಟಿಗೆ ಸೌಟಿಗೆ ಹೋದವು.