ಅತ್ತೆ ಹೊಡೆದುಹಾಕಿಸಿದ ಪುಟಗಳು

ಅತ್ತೆಯ ಬಲಗೈ ಹೆಬ್ಬೆರಳು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಟೊಮೆಟೊ ಗಿಡದ ಹಸಿರು ಕರೆ ಉಗುರಿನ ಸಂದಿಗೆ ಇಳಿದು, ಕಪ್ಪಾಗಿ, ಅಲ್ಲೇ ನಿಂತುಬಿಟ್ಟಿತ್ತು. ಆ ಬೆರಳನ್ನು ಹಣ್ಣಿನ ಮೇಲೆ ಒಮ್ಮೆ ಒತ್ತಿದರೆ ಸಾಕು, ಒಳಗಿನ ಹುಳುಕು ಆಕೆಗೆ ತಿಳಿಯುತ್ತಿತ್ತು. ನಾನು ಮದುವೆಯಾಗಿ ಲಕ್ಕೂರಿಗೆ ಬಂದ ಮೊದಲ ವಾರವೇ ನನ್ನನ್ನೂ ಹಾಗೆ ಒತ್ತಿ ನೋಡಿ, ಕೊಳೆತದ್ದರ ಗುಡ್ಡೆಗೆ ಹಾಕಿದ್ದಳು.

ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದೆವು. ನಾನು ಬಸ್ಸಾರು ಮಾಡಿದ ದಿನ ಆಕೆ ಮುದ್ದೆಗೆ ಮಜ್ಜಿಗೆ ಸುರಿದುಕೊಳ್ಳುತ್ತಿದ್ದಳು. ನಾನೂ ಕಮ್ಮಿಯಿರಲಿಲ್ಲ. ಆಕೆಗೆ ಮೆಂತ್ಯಸೊಪ್ಪು ಆಗುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಮೆಂತ್ಯಸೊಪ್ಪೇ ಮಾಡುತ್ತಿದ್ದೆ. ಸತ್ತವರನ್ನೆಲ್ಲ ಒಳ್ಳೆಯವರೆಂದು ಬರೆಯುವುದು ನನಗೆ ಬರುವುದಿಲ್ಲ. ಆದರೂ ಆಕೆಯ ಬಗ್ಗೆ ಬರೆಯಲೇಬೇಕು.

ನಮ್ಮೂರ ಶಾಲೆಯ ವಾರ್ಷಿಕೋತ್ಸವಕ್ಕೆ ನಾನು ಬರೆದುಕೊಟ್ಟ ಪುಟ್ಟ ನಾಟಕವನ್ನು, ಕೋಲಾರದಲ್ಲಿ ಮದುವೆ ವಿಡಿಯೋ ತೆಗೆಯುವ ಒಬ್ಬರು ನೋಡಿದ್ದರು. "ಅಕ್ಕಾ, ಒಂದು ಸಿನಿಮಾ ಮಾಡ್ಬೇಕು ಅಂತ ಇದ್ದೀನಿ. ನಿಮ್ಮನೆ ಕಥೇನೇ ಬರ್ಕೊಡಿ" ಎಂದರು. ಬರೆಯಲು ನನ್ನಲ್ಲಿ ಇದ್ದದ್ದು ಒಂದೇ ಕಥೆ.

ನನ್ನ ತೌರು ಶ್ರೀನಿವಾಸಪುರದ ಕಡೆ. ಅಪ್ಪನಿಗೆ ಕಾಯಿಲೆ ಜೋರಾದ ದಿನ ಬೆಳಿಗ್ಗೆ ಹತ್ತಕ್ಕೆ ನನ್ನ ಅಣ್ಣ ಅತ್ತೆಯ ಮೊಬೈಲಿಗೆ ಫೋನು ಮಾಡಿದ್ದ. ಅತ್ತೆ ನನಗೆ ಹೇಳಲಿಲ್ಲ. ಕೋಲಾರದ ಮಾರ್ಕೆಟ್ಟಿಗೆ ಹೋಗಬೇಕಾದ ಟೊಮೆಟೊ ಬಾಕ್ಸ್‌ಗಳು ತುಂಬಿ, ಟೆಂಪೊ ಹೊರಟ ಮೇಲೆ, ಮೂರು ಗಂಟೆಗೆ ಹೇಳಿದಳು. ಮಾಲೂರು, ಕೋಲಾರ, ಶ್ರೀನಿವಾಸಪುರ ಎಂದು ಮೂರು ಬಸ್ಸು ಹತ್ತಿಳಿದು ನಾನು ಹೋಗುವಷ್ಟರಲ್ಲಿ ಅಪ್ಪನನ್ನು ಜಗಲಿಯ ಮೇಲೆ ಮಲಗಿಸಿದ್ದರು.

ಆಕೆ ಮಾಡಿದ್ದನ್ನು ಊರವರೆಲ್ಲ ಪರದೆಯ ಮೇಲೆ ನೋಡಬೇಕು. ಅದೇ ಹಟದಲ್ಲಿ ನೂರ ನಲವತ್ತು ಪುಟ ಬರೆದೆ.

ವಿಡಿಯೋದವರು ಕಟ್ಟನ್ನು ಕೈಯಲ್ಲೇ ತೂಗಿ ನೋಡಿದರು. "ತೊಂಬತ್ತಕ್ಕೆ ಇಳಿಸಿ ಅಕ್ಕಾ. ಶ್ರಾವಣ ಮುಗಿಯೋದ್ರೊಳಗೆ ಆಗ್ಲಿಲ್ಲ ಅಂದ್ರೆ ನಾನು ಬೇರೆ ಕಥೆ ನೋಡ್ಕೋತೀನಿ."

ಹದಿನೈದು ದಿನ ಒದ್ದಾಡಿದೆ. ಒಂದು ಸಾಲು ತೆಗೆದರೆ ಎರಡು ಸೇರುತ್ತಿದ್ದವು. ಯಜಮಾನರು ನರಸಾಪುರದ ಕಂಪನಿಗೆ ಹೋದ ಮೇಲೆ ಹೊಂಗೆ ಮರದಡಿ ಕೂತು, ಮಾತುಗಳನ್ನು ಬಾಯಿಬಿಟ್ಟು ಓದಿ ನೋಡುತ್ತಿದ್ದೆ. ಅಲ್ಲೇ ಅತ್ತೆ ಹಣ್ಣು ಆರಿಸುತ್ತಿದ್ದಳು. ಆಕೆಗೆ ಓದಲು ಬರುತ್ತಿರಲಿಲ್ಲ, ಕಿವಿ ಮಾತ್ರ ಬಲು ಚುರುಕು.

"ಯಾರೇ ಅದು, ಅಷ್ಟು ಮಾತಾಡೋ ಅತ್ತೆ?"

"ಸಿನಿಮಾದಲ್ಲಿ ಬರೋಳು."

"ಯಾರೂಂತ ಗೊತ್ತು ಬಿಡೇ. ಓದು."

ಬೇಕೆಂದೇ ಗಟ್ಟಿಯಾಗಿ ಓದಿದೆ. ಫೋನಿನ ವಿಷಯ ಮುಚ್ಚಿಟ್ಟ ಅತ್ತೆ ಆರು ಪುಟ ಉದ್ದಕ್ಕೂ ಸೊಸೆಯನ್ನು ಹಂಗಿಸುವ ದೃಶ್ಯ ಅದು. ಎರಡನೇ ಪುಟಕ್ಕೇ ಆಕೆ ಕೈಯೆತ್ತಿದಳು. "ಚಾಲ್ಲೇ!" ಆಕೆಯ ತೌರು ಮುಳಬಾಗಿಲಿನಾಚೆ, ಆಂಧ್ರದ ಗಡಿಯಲ್ಲಿತ್ತು; ಸಾಕು ಎನ್ನಬೇಕಾದಾಗ ತೆಲುಗೇ ಬರುತ್ತಿತ್ತು. "ಇಷ್ಟೆಲ್ಲ ನಾನೆಲ್ಲಿ ಅಂದೆ? 'ನಿಮ್ಮಪ್ಪನಿಗೆ ಜೋರಂತೆ, ಉಂಡು ಹೋಗು' ಅಂದೆ. ಅಷ್ಟೇ ಅಂದಿದ್ದು."

ನಿಜ. ಅಷ್ಟೇ ಅಂದಿದ್ದಳು. ಆರು ಪುಟಕ್ಕೂ ಅಡ್ಡಗೆರೆ ಎಳೆದು ಆ ಒಂದು ಸಾಲು ಬರೆದೆ. ಬರೆಯುವಾಗ ಮೈ ಉರಿಯಿತು. ಆರು ಪುಟದಲ್ಲಿ ಇರದ ಕ್ರೌರ್ಯ ಆ ಒಂದು ಸಾಲಿನಲ್ಲಿತ್ತು.

ಅಂದಿನಿಂದ ದಿನಾ ಮಧ್ಯಾಹ್ನ ಇದೇ ಆಯಿತು. ನಾನು ಓದುವುದು, ಆಕೆ ಹಣ್ಣು ಒತ್ತುತ್ತಾ ಬೈಯುವುದು. "ನಿನ್ನ ಸೊಸೆ ಇಲ್ಲೀವರೆಗೂ ಒಂಬತ್ತು ಸಲ ಅತ್ಲು. ಟೊಮೆಟೊ ಯಾವಾಗ ಕೀಳ್ತಾಳೆ ಅವಳು?" ಐದು ಅಳು ಹೋದವು. ಕಾಮಾಕ್ಷಿ ದೀಪದ ಮುಂದೆ ಸೊಸೆ ಹಾಡುವುದಕ್ಕೆ, "ದೀಪ ಹಚ್ಚೋಕೆ ಎಷ್ಟೊತ್ತು ಬೇಕೇ?" ಅದೂ ಹೋಯಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, "ಯಾಕತ್ತೆ ಅವತ್ತು ಹೇಳ್ಲಿಲ್ಲ?"

"ಹೇಳಿದ್ರೆ ಓಡೋಗ್ತಿದ್ದೆ. ಲೋಡು ಯಾರು ತುಂಬೋರು?" ಹಣ್ಣಿನಿಂದ ತಲೆಯೆತ್ತದೆ ಹೇಳಿದಳು. ಅವತ್ತು ಆಕೆಗೆ ಕಾಫಿ ಕೊಡಲಿಲ್ಲ.

ನೂರಹತ್ತು ಪುಟಕ್ಕೆ ಬಂದು ಕಥೆ ಜಗ್ಗದೆ ಕೂತಿತು. ಶ್ರಾವಣ ಮುಗಿಯಲು ಎಂಟು ದಿನ ಉಳಿದಿತ್ತು. ಆಗ ಆಕೆ, "ಕೊನೆಯಿಂದ ಓದ್ಕೊಂಡು ಬಾ" ಎಂದಳು. ಬೇರೆಯವರು ತುಂಬಿದ ಬಾಕ್ಸನ್ನು ಆಕೆ ಎಂದೂ ಮೇಲಿನಿಂದ ನೋಡುತ್ತಿರಲಿಲ್ಲ. ಗೋಣಿಚೀಲದ ಮೇಲೆ ಬೋರಲು ಹಾಕಿ, ಅಡಿಯಲ್ಲಿದ್ದ ಹಣ್ಣನ್ನೇ ಮೊದಲು ಮುಟ್ಟುತ್ತಿದ್ದಳು. ಹಾಗೇ ಕೊನೆಯ ದೃಶ್ಯದಿಂದ ಹಿಂದಕ್ಕೆ ಓದುತ್ತಾ, ಫೋನು ಬಂದ ಬೆಳಗಿಗೆ ತಲುಪಿದೆ.

"ನಿಲ್ಲು. ನಿಮ್ಮಣ್ಣ ನನಗೆ ಯಾಕೆ ಮಾಡ್ದ ಫೋನು?"

ಕೇಳಿಸದವಳಂತೆ ಪುಟ ತಿರುವಿದೆ.

"ನಿನಗೇ ಮೊದ್ಲು ಮಾಡಿದ್ನಲ್ಲ. ಎರಡು ಸಲ. ನೀನೇ ಕಟ್ ಮಾಡ್ದೆ. ಅಲ್ಲೇ ಬದು ಮೇಲೆ ಕೂತಿದ್ದೆ ನಾನು, ನೋಡಿದೀನಿ. ಅದನ್ಯಾಕೆ ಬರೀಲಿಲ್ಲ?"

ಅಣ್ಣನ ಗೃಹಪ್ರವೇಶದಲ್ಲಿ ನನ್ನನ್ನು ಸರಿಯಾಗಿ ಕರೆಯಲಿಲ್ಲವೆಂದು ಮಾತು ಬಿಟ್ಟಿದ್ದೆ. ಮತ್ತೆ ಜಗಳಕ್ಕೆ ಮಾಡಿದ್ದಾನೆಂದು ಅವತ್ತು ಕಟ್ ಮಾಡಿದ್ದೆ. ಯಜಮಾನರಿಗೂ ಅದನ್ನು ಹೇಳಿರಲಿಲ್ಲ. ಆಕೆಯೂ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕರುಣೆಯಿಂದಲ್ಲ, ಬೇಕಾದಾಗ ಕೈಗೆ ಸಿಗಲೆಂದು ಇಟ್ಟುಕೊಂಡಿದ್ದಳು.

"ನನ್ನ ಹುಳುಕು ಮೇಲಿಟ್ಟೆ, ನಿಂದು ತಳಕ್ಕೆ ಹಾಕ್ದೆ" ಎಂದು ಸೆರಗು ಒದರಿ ಎದ್ದುಹೋದಳು.

ಮೂರು ದಿನ ಆ ಕಟ್ಟು ಮುಟ್ಟಲಿಲ್ಲ. ನಾಲ್ಕನೇ ದಿನ ಒಂದೇ ಪುಟದ ದೃಶ್ಯ ಬರೆದೆ: ಸೊಸೆ ಟೊಮೆಟೊ ಗಿಡಗಳ ಸಾಲಿನ ನಡುವೆ ನಿಂತಿದ್ದಾಳೆ, ಕೈಯಲ್ಲಿ ಫೋನು ಅದುರುತ್ತದೆ, ಹೆಸರು ನೋಡಿ ಕಟ್ ಮಾಡುತ್ತಾಳೆ. ಅದು ಬಂದದ್ದೇ ತಡ, ಸೊಸೆ ತನ್ನ ಒಳ್ಳೆಯತನ ಹೇಳಿಕೊಳ್ಳುವ ಇಪ್ಪತ್ತೊಂದು ಪುಟ ತಾವಾಗಿಯೇ ಬಿದ್ದುಹೋದವು. ಸರಿಯಾಗಿ ತೊಂಬತ್ತು.

ವಿಡಿಯೋದವರು ಒಪ್ಪಿಕೊಂಡರು. ಚಿತ್ರೀಕರಣ ಶುರುವಾಗುವ ಮೊದಲೇ, ಕಾರ್ತಿಕದಲ್ಲಿ, ಅತ್ತೆ ಹೋದಳು. ಮೈ ತೊಳೆಯುವಾಗ ಆ ಹೆಬ್ಬೆರಳನ್ನು ನಾನೇ ಉಜ್ಜಿದೆ. ಕರೆ ಬಿಡಲಿಲ್ಲ.

ತಿಥಿ ಮುಗಿದ ಮೇಲೆ ವಿಡಿಯೋದವರು ಮನೆಗೆ ಬಂದರು. "ಅಕ್ಕಾ, ಕೊನೇಲಿ ಅತ್ತೆ ಕ್ಷಮೆ ಕೇಳೋ ಹಂಗೆ ಒಂದು ಸೀನ್ ಹಾಕಣ. ಜನ ಕಣ್ಣೀರು ಹಾಕ್ತಾರೆ." ಅವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದನ್ನು ಬರೆದೆ. ಚೆನ್ನಾಗಿಯೇ ಬಂದಿತ್ತು. ಹೊಂಗೆ ಮರದಡಿ ಹೋಗಿ ಒಮ್ಮೆ ಬಾಯಿಬಿಟ್ಟು ಓದಿದೆ.

ಆಕೆ ಕ್ಷಮೆ ಕೇಳಿರಲಿಲ್ಲ. ಕೇಳಿದ್ದರೆ ನಾನು ಕೊಡುತ್ತಲೂ ಇರಲಿಲ್ಲ. ಹಾಳೆಯನ್ನು ಹರಿದು ನೀರೊಲೆಗೆ ಹಾಕಿ ಒಳಗೆ ಬಂದೆ. "'ಉಂಡು ಹೋಗು' ಅಂದಿದ್ದೇ ಸಿನಿಮಾದಲ್ಲಿ ಅವಳ ಕೊನೇ ಮಾತು. ಅದರ ಮೇಲೆ ಏನೂ ಬೇಡ" ಎಂದೆ.